ಹಳೆಯ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ‘ಸಿಗಲ್ಲ’ ಅನ್ನುವ ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಅಂಥ ಕಾರಿನ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. 2025ರಲ್ಲಿ 50 ವರ್ಷಕ್ಕಿಂತ ಹಳೆಯ ಕಾರುಗಳ ಆಮದಿಗೂ ದಾರಿ ಸಲೀಸಾಯಿತು. ಅಜ್ಜನ ಕಾಲದ ಇಂಪಾಲಾವನ್ನೋ, ಅಪ್ಪ ಕೊಂಡಿಟ್ಟ ಮರ್ಸಿಡಿಸನ್ನೋ ಶೆಡ್ಡಿನಿಂದ ಹೊರಗೆ ತರಬೇಕೆಂದು ಆಸೆಪಟ್ಟವರು ಈಗ ಕಾಗದಪತ್ರದ ಚಿಂತೆ ಬಿಟ್ಟು ಯಂತ್ರದ ಚಿಂತೆಗೆ ಬಿದ್ದಿದ್ದಾರೆ.

ಎಂಜಿನ್ ಹೇಗೋ ಸರಿಹೋಗುತ್ತದೆ. ಬ್ರೇಕು, ವೈರಿಂಗು, ಸೀಟು, ಪೇಂಟು ಎಲ್ಲಕ್ಕೂ ಕೈ ಪಳಗಿದವರು ನಮ್ಮಲ್ಲೇ ಇದ್ದಾರೆ. ಗಾಡಿ ಕೊನೆಗೆ ನಿಲ್ಲುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಹತ್ತಿರ. ‘ಇದರ ಸ್ಪೇರ್ ಎಲ್ಲೂ ಸಿಗಲ್ಲ ಸಾರ್, ಕಿತ್ತಾಕಿ ಮ್ಯಾನ್ಯುಯಲ್ ಕೂರಿಸಿಬಿಡೋಣ’ ಎಂಬ ಸಲಹೆ ಬರುವುದು ಆಗಲೇ.

ಮೆಕ್ಯಾನಿಕ್‌ಗಳನ್ನು ದೂರಿ ಪ್ರಯೋಜನವಿಲ್ಲ. ದಶಕಗಟ್ಟಲೆ ನಮ್ಮ ರಸ್ತೆ ತುಂಬಾ ಓಡಿದ್ದು ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ, ಎರಡೂ ಕೈಯಿಂದ ಗೇರ್ ಹಾಕುವ ಗಾಡಿಗಳು. ಆಟೊಮ್ಯಾಟಿಕ್ ಇದ್ದ ಅಮೆರಿಕನ್ ಕಾರುಗಳಲ್ಲಿ ಹಲವು ರಾಯಭಾರ ಕಚೇರಿಗಳಿಗೆ ಬಂದು, ಆಮೇಲೆ ಸರ್ಕಾರಿ ಸಂಸ್ಥೆಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾದಂಥವು. ಅವುಗಳಲ್ಲೂ ಕೆಲವಕ್ಕೆ ಪೆಟ್ರೋಲ್ ಖರ್ಚು ತಾಳಲಾರದೆ ಡೀಸೆಲ್ ಎಂಜಿನ್ ಕೂರಿಸಿದರು. ಮೂಲ ಗೇರ್‌ಬಾಕ್ಸ್ ಗುಜರಿಗೆ ಹೋಯಿತು. ಬಿಚ್ಚಿ ಕಲಿಯಲು ಕೈಗೇ ಸಿಗದ ಯಂತ್ರದ ಸ್ಪೇರ್ ಎಲ್ಲಿ ಸಿಗುತ್ತದೆಂದು ಯಾರಿಗಾದರೂ ಹೇಗೆ ತಿಳಿಯಬೇಕು?

ಆದರೂ ‘ಸಿಗಲ್ಲ’ ಎಂಬ ಮಾತು ಎಷ್ಟೋ ಸಲ ನಿಜವಲ್ಲ. ಹುಡುಕುವವರು ಕಾರಿನ ಹೆಸರು ಹಿಡಿದು ಹುಡುಕುತ್ತಾರೆ. ಹುಡುಕಬೇಕಾದದ್ದು ಗೇರ್‌ಬಾಕ್ಸಿನ ಹೆಸರು ಹಿಡಿದು. ಇದು ಯಾಕೆ ಎಂದು ತಿಳಿಯಲು ಮೊದಲು ಆ ಡಬ್ಬಿಯೊಳಗೆ ಇಣುಕಬೇಕು.

ಒಳಗೆ ಏನೇನಿದೆ

ಮ್ಯಾನ್ಯುಯಲ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಹಳೆಯ ಆಟೊಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿರುವುದು ಎಣ್ಣೆ ತುಂಬಿದ, ದುಂಡನೆಯ ಉಕ್ಕಿನ ಡಬ್ಬಿ. ಹಂಡೆಯ ನೀರಿಗೆ ಕೈ ಅದ್ದಿ ಗರಗರ ತಿರುವಿದರೆ ಮೇಲೆ ತೇಲುವ ಮಾವಿನೆಲೆಯೂ ಸುತ್ತುತ್ತದಲ್ಲ, ಕೈ ಎಲೆಯನ್ನು ಮುಟ್ಟಿರುವುದೇ ಇಲ್ಲ. ಇಲ್ಲಿಯೂ ಹಾಗೆಯೇ. ಎಂಜಿನ್ ತಿರುಗಿಸುವ ರೆಕ್ಕೆಚಕ್ರ ಎಣ್ಣೆಯನ್ನು ಸುತ್ತಿಸುತ್ತದೆ, ಆ ಎಣ್ಣೆ ಎದುರಿನ ರೆಕ್ಕೆಚಕ್ರವನ್ನು ಸುತ್ತಿಸುತ್ತದೆ. ಎರಡೇ ಚಕ್ರವಿದ್ದರೆ ಅದು ಫ್ಲೂಯಿಡ್ ಕಪ್ಲಿಂಗ್. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವಿದ್ದು, ವಾಪಸು ಬರುವ ಎಣ್ಣೆಯ ದಿಕ್ಕು ತಿರುಗಿಸಿ ಬಲವನ್ನು ಹೆಚ್ಚಿಸಿಕೊಟ್ಟರೆ ಅದು ಟಾರ್ಕ್ ಕನ್ವರ್ಟರ್.

ಅದರ ಹಿಂದೆ ಗೇರುಗಳು. ನಡುವೆ ಸೂರ್ಯ ಗೇರು, ಸುತ್ತ ಗ್ರಹ ಗೇರುಗಳು, ಅವನ್ನೆಲ್ಲ ಸುತ್ತುವರಿದು ಒಳಹಲ್ಲಿನ ಬಳೆ ಗೇರು. ಇವುಗಳಲ್ಲಿ ಯಾವುದನ್ನು ಹಿಡಿದು ನಿಲ್ಲಿಸುತ್ತೇವೆ, ಯಾವುದನ್ನು ತಿರುಗಲು ಬಿಡುತ್ತೇವೆ ಎಂಬುದರ ಮೇಲೆ ಫಸ್ಟ್, ಸೆಕೆಂಡ್, ರಿವರ್ಸ್ ತೀರ್ಮಾನವಾಗುತ್ತದೆ. ಹಲ್ಲುಗಳು ಸದಾ ಕೂಡಿಕೊಂಡೇ ಇರುತ್ತವೆ, ಜರುಗಿಸುವ ಮಾತಿಲ್ಲ. ಹಿಡಿಯುವ ಕೆಲಸ ಎರಡು ಬಗೆಯ ಸಾಧನಗಳದ್ದು. ಒಂದು, ಒಂದರ ಮೇಲೊಂದು ಜೋಡಿಸಿದ ತೆಳು ಕ್ಲಚ್ ಪ್ಲೇಟುಗಳ ಕಟ್ಟು. ಇನ್ನೊಂದು, ಡ್ರಮ್ಮಿನ ಸುತ್ತ ಬಿಗಿಯುವ ಬ್ಯಾಂಡ್ ಎಂಬ ಪಟ್ಟಿ.

ಯಾವಾಗ ಯಾವುದನ್ನು ಹಿಡಿಯಬೇಕೆಂದು ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಹೇಳುತ್ತದೆ. ಐವತ್ತು ವರ್ಷ ಹಿಂದೆ ಅದನ್ನು ಹೇಳುತ್ತಿದ್ದದ್ದು ಎಣ್ಣೆಯ ಒತ್ತಡ. ಮುಂದುಗಡೆಯ ಪಂಪು ಒತ್ತಡ ಹುಟ್ಟಿಸುತ್ತದೆ. ಗವರ್ನರ್ ಎಂಬ ಭಾಗ ಗಾಡಿಯ ವೇಗಕ್ಕೆ ತಕ್ಕಂತೆ ಒಂದು ಒತ್ತಡ ಕಳಿಸುತ್ತದೆ. ಮಾಡ್ಯುಲೇಟರ್ ಅಥವಾ ಥ್ರಾಟಲ್ ಕೇಬಲ್ ಎಂಜಿನ್ನಿನ ಮೇಲೆ ಎಷ್ಟು ಹೊರೆ ಇದೆ ಎಂಬುದಕ್ಕೆ ತಕ್ಕಂತೆ ಇನ್ನೊಂದು ಒತ್ತಡ ಕಳಿಸುತ್ತದೆ. ವಾಲ್ವ್ ಬಾಡಿ ಎಂಬ, ಸಣ್ಣ ಸಣ್ಣ ಕಾಲುವೆ ಕೊರೆದ ಲೋಹದ ಹಲಗೆಯಲ್ಲಿ ಇವೆರಡೂ ಎದುರುಬದುರಾಗುತ್ತವೆ. ವೇಗದ ಒತ್ತಡ ಗೆದ್ದರೆ ಗೇರ್ ಮೇಲೇರುತ್ತದೆ, ಹೊರೆಯ ಒತ್ತಡ ಗೆದ್ದರೆ ಕೆಳಗಿಳಿಯುತ್ತದೆ. ಒಂದೇ ಒಂದು ಚಿಪ್ಪೂ ಇಲ್ಲದೆ ನಡೆಯುವ ಈ ಲೆಕ್ಕಾಚಾರ ನೋಡಿದರೆ ಆ ಕಾಲದ ಎಂಜಿನಿಯರುಗಳಿಗೆ ಕೈಮುಗಿಯಬೇಕೆನಿಸುತ್ತದೆ.

ಇಳಿಸುವ ಮೊದಲು ಒಂದು ಪೈಪು ಕಿತ್ತು ನೋಡಿ

ಗೇರ್‌ಬಾಕ್ಸ್ ತಡವಾಗಿ ಗೇರ್ ಬದಲಿಸುತ್ತಿದೆ, ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತಿದೆ, ಆಯಿಲ್ ಕಡಿಮೆಯಾಗುತ್ತಿದೆ, ನೆಲದ ಮೇಲೆ ಮಾತ್ರ ಒಂದು ತೊಟ್ಟೂ ಬಿದ್ದಿಲ್ಲ. ಜೊತೆಗೆ ಸೈಲೆನ್ಸರಿನಿಂದ ಬಿಳಿ ಹೊಗೆ. ಇಷ್ಟೂ ಲಕ್ಷಣ ಕೂಡಿ ಬಂದರೆ ಅರ್ಧ ಗೇರ್‌ಬಾಕ್ಸ್ ಹೋಯಿತೆಂದು ಹೆದರುವವರೇ ಹೆಚ್ಚು.

ವ್ಯಾಕ್ಯೂಮ್ ಮಾಡ್ಯುಲೇಟರ್ ಇರುವ ಗೇರ್‌ಬಾಕ್ಸ್ ಆಗಿದ್ದರೆ ಪಕ್ಕದಲ್ಲಿ ಸಣ್ಣ ತಗಡಿನ ಡಬ್ಬಿಯೊಂದು, ಅದಕ್ಕೆ ಎಂಜಿನ್ನಿನಿಂದ ಬಂದ ರಬ್ಬರ್ ಪೈಪೊಂದು ಇರುತ್ತದೆ. ಎಂಜಿನ್ ಆಫ್ ಮಾಡಿ ಆ ಪೈಪು ಕಿತ್ತು ಒಳಗೆ ನೋಡಿ. ಕೆಂಪು ಎಣ್ಣೆ ಅಂಟಿಕೊಂಡಿದ್ದರೆ ಡಬ್ಬಿಯೊಳಗಿನ ರಬ್ಬರ್ ಪರದೆ ಹರಿದಿದೆ ಎಂದರ್ಥ. ಎಂಜಿನ್ ಆ ಪೈಪಿನ ಮೂಲಕ ಗೇರ್ ಆಯಿಲ್ ಹೀರಿಕೊಂಡು ಸುಡುತ್ತಿರುತ್ತದೆ. ಈ ಡಬ್ಬಿ ಬದಲಿಸಲು ಗೇರ್‌ಬಾಕ್ಸ್ ಇಳಿಸುವುದೇ ಬೇಡ. ಗಾಡಿ ಎತ್ತಿ, ಕೆಳಗೆ ಮಲಗಿ, ಒಂದು ಬೋಲ್ಟ್ ಬಿಚ್ಚಿದರೆ ಹೊರಗೆ ಬರುವಂಥದ್ದೂ ಇದೆ.

ಆಯಿಲ್ ಮಟ್ಟ ನೋಡುವುದರಲ್ಲೂ ಒಂದು ಕಣ್ಕಟ್ಟಿದೆ. ಎಂಜಿನ್ ಆಯಿಲನ್ನು ಎಂಜಿನ್ ನಿಲ್ಲಿಸಿ ನೋಡಿ ಅಭ್ಯಾಸ. ಜನರಲ್ ಮೋಟರ್ಸ್‌ನ ಹೆಚ್ಚಿನ ಆಟೊಮ್ಯಾಟಿಕ್‌ಗಳಲ್ಲಿ ಗಾಡಿ ಬಿಸಿಯಾದ ಮೇಲೆ, ಸಮನೆಲದಲ್ಲಿ, ಗೇರ್ ಲಿವರನ್ನು ‘ಪಾರ್ಕ್’ನಲ್ಲಿಟ್ಟು, ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ನಿಲ್ಲಿಸಿ ನೋಡಿದರೆ ಕನ್ವರ್ಟರಿನ ಆಯಿಲ್ ಕೆಳಗಿಳಿದು, ಕಡಿಮೆ ಇದ್ದರೂ ಹೆಚ್ಚು ತೋರಿಸುತ್ತದೆ.

ಸವೆಯುವ ಭಾಗ, ಸವೆಯದ ಭಾಗ

ಇದು ಮಾಡ್ಯುಲೇಟರಿನ ತಪ್ಪಲ್ಲ, ಬಿಚ್ಚಲೇಬೇಕು ಎಂದಾದರೆ ಒಳಗಿನ ಸಾಮಾನನ್ನು ಎರಡು ಗುಂಪು ಮಾಡಿ. ಆಯಿಲ್ ಸೀಲು, ಓ ರಿಂಗು, ಪ್ಯಾಕಿಂಗು, ಕ್ಲಚ್ ಪ್ಲೇಟು, ಬ್ಯಾಂಡು, ಫಿಲ್ಟರು ಒಂದು ಗುಂಪು. ಇವು ಸವೆಯಲೆಂದೇ ಇರುವವು. ‘ಓವರ್‌ಹಾಲ್ ಕಿಟ್’ ಎಂದು ಒಂದೇ ಪೆಟ್ಟಿಗೆಯಲ್ಲಿ ಬರುವುದು ಬಹುಪಾಲು ಇವೇ. ಗ್ರಹ ಗೇರು, ಡ್ರಮ್ಮು, ಶಾಫ್ಟು, ಪಂಪು, ವಾಲ್ವ್ ಬಾಡಿ, ಹೊರಕವಚ ಎರಡನೆಯ ಗುಂಪು. ಆಯಿಲ್ ಖಾಲಿಯಾಗಿ ಓಡಿಸದಿದ್ದರೆ ಇವು ಕಾರಿನ ಆಯಸ್ಸನ್ನೂ ಮೀರಿ ಬಾಳುತ್ತವೆ.

ನಿಂತ ಕಾರುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಮೊದಲ ಗುಂಪು. ಇಪ್ಪತ್ತು ವರ್ಷ ಶೆಡ್ಡಿನಲ್ಲಿ ನಿಂತ ಗಾಡಿಯ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ, ಕ್ಲಚ್ ಪ್ಲೇಟುಗಳನ್ನು ಒತ್ತುವ ಪಿಸ್ಟನ್ನಿನ ಹಿಂದೆ ಎಣ್ಣೆಯ ಒತ್ತಡ ನಿಲ್ಲದೆ ಅವು ಜಾರುತ್ತವೆ. ಓಡಿಸಿದವರಿಗೆ ‘ಗೇರ್‌ಬಾಕ್ಸ್ ಸತ್ತಿದೆ’ ಎನಿಸುತ್ತದೆ. ಸತ್ತಿರುವುದು ಕೆಲವು ರಬ್ಬರ್ ಉಂಗುರಗಳಷ್ಟೇ ಇರಬಹುದು.

ರೋಲ್ಸ್ ರಾಯ್ಸ್ ಒಳಗೆ ಅಮೆರಿಕದ ಗೇರ್‌ಬಾಕ್ಸ್

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವುದು ಬಹಳ ದುಬಾರಿ ಕೆಲಸ. ಹಾಗಾಗಿ ಹೆಚ್ಚಿನ ಕಾರು ಕಂಪನಿಗಳು ತಾವೇ ಮಾಡುವ ಗೋಜಿಗೆ ಹೋಗದೆ ಬೇರೆಯವರಿಂದ ಕೊಂಡವು. ಹುಡುಕುವವರಿಗೆ ಇದೇ ದೊಡ್ಡ ವರ.

ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೀಲ್‌ನಲ್ಲಿ ಹೈಡ್ರಮ್ಯಾಟಿಕ್ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ತಂದಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಅದೇ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕುಗಳಿಗೂ ಹಾಕಿದರು. ಯುದ್ಧದ ನಂತರ ನ್ಯಾಷ್, ಹಡ್ಸನ್, ಕೈಸರ್ ಕಂಪನಿಗಳು ಕೊಂಡವು. ಫೋರ್ಡ್‌ಗೆ ಸೇರಿದ ಲಿಂಕನ್ ಕೂಡ ಎದುರಾಳಿಯ ಈ ಗೇರ್‌ಬಾಕ್ಸನ್ನೇ ಹಾಕಿಕೊಂಡಿತು. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಪರವಾನಗಿ ಪಡೆದು ಅದನ್ನು ಕ್ರೂ ಊರಿನಲ್ಲಿ ತಾನೇ ತಯಾರಿಸಿತು. 1955ರಲ್ಲಿ ಬಂದ ಸಿಲ್ವರ್ ಕ್ಲೌಡ್‌ನೊಳಗಿರುವುದು ಅದೇ.

1964ರ ಮಾದರಿ ವರ್ಷಕ್ಕೆ ಜನರಲ್ ಮೋಟರ್ಸ್ ಮೂರು ಗೇರಿನ ಟರ್ಬೊ ಹೈಡ್ರಮ್ಯಾಟಿಕ್ 400 ತಂದಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಕ್ಯಾಡಿಲಾಕ್‌ನಿಂದ ಹಿಡಿದು ಷೆವ್ರೊಲೆ ಟ್ರಕ್ಕುಗಳವರೆಗೆ, ಜೀಪಿನಿಂದ ಹಿಡಿದು ಜಾಗ್ವಾರ್ ಎಕ್ಸ್‌ಜೆ12ವರೆಗೆ, 1976ರ ಫೆರಾರಿ 400 ಆಟೊಮ್ಯಾಟಿಕ್‌ನಲ್ಲಿಯೂ ಇದೇ ಗೇರ್‌ಬಾಕ್ಸ್. ಅಮೆರಿಕದ ಸೇನೆಯ ಹಂವೀ ಗಾಡಿಗೂ ಇದರದೇ ಒಂದು ರೂಪ. ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ 1968ರಿಂದ ಎಲ್ಲ ದೇಶಗಳಿಗೂ ಇದನ್ನೇ ಹಾಕಿಕೊಂಡು ಬಂತು. ಅದಕ್ಕೆ ಮುಂಚಿನ ಬಲಗಡೆ ಸ್ಟೀರಿಂಗಿನ ಶ್ಯಾಡೊಗಳಲ್ಲಿ ಹಳೆಯ ನಾಲ್ಕು ಗೇರಿನದೇ ಇತ್ತು.

ಅಂದರೆ 1970ರ ಸಿಲ್ವರ್ ಶ್ಯಾಡೊ ಇಟ್ಟುಕೊಂಡವರು ‘ರೋಲ್ಸ್ ರಾಯ್ಸ್ ಕ್ಲಚ್ ಪ್ಲೇಟ್’ ಎಂದು ಹುಡುಕಿದರೆ ಸಿಗುವುದು ನಾಲ್ಕಾರು ಅಂಗಡಿ, ಕಣ್ಣು ಕುಕ್ಕುವ ಬೆಲೆ. ‘ಟರ್ಬೊ 400 ಕ್ಲಚ್ ಪ್ಲೇಟ್’ ಎಂದು ಹುಡುಕಿದರೆ ಷೆವ್ರೊಲೆ ಟ್ರಕ್ಕಿನವರು ಕೊಳ್ಳುವ ಅದೇ ಸಾಮಾನು, ಟ್ರಕ್ಕಿನ ಬೆಲೆಗೆ. ಆದರೆ ಗೇರ್‌ಬಾಕ್ಸಿನ ಹೊರಮೈಯಲ್ಲಿ ರೋಲ್ಸ್ ರಾಯ್ಸ್ ತನ್ನದೇ ಸೇರಿಸಿದ ಭಾಗಗಳಿವೆ. ಶ್ಯಾಡೊದಲ್ಲಿ ಗೇರ್ ಲಿವರ್ ಹಾಕಿದಾಗ ಕೆಲಸ ಮಾಡುವುದು ಒಂದು ವಿದ್ಯುತ್ ಮೋಟರು. ಸಿಲ್ವರ್ ಕ್ಲೌಡ್‌ನಲ್ಲಿ ಬ್ರೇಕಿನ ಬಲ ಹೆಚ್ಚಿಸುವ ಸರ್ವೊ ಎಂಬ ಸಾಧನ ಗೇರ್‌ಬಾಕ್ಸಿನಿಂದಲೇ ತಿರುಗುತ್ತದೆ. ಇಂಥವನ್ನು ರೋಲ್ಸ್ ರಾಯ್ಸ್ ತಜ್ಞರ ಹತ್ತಿರವೇ ಕೇಳಬೇಕು.

ಹೆಸರು ಒಂದೇ ಇದ್ದರೂ ಒಳಗೆ ಬೇರೆ ಇರಬಹುದು ಎಂಬ ಎಚ್ಚರವೂ ಬೇಕು. 1965ರಿಂದ 1967ರವರೆಗೆ ಜನರಲ್ ಮೋಟರ್ಸ್‌ನವೇ ಆದ ಬ್ಯೂಕ್, ಓಲ್ಡ್ಸ್‌ಮೊಬೀಲ್, ಕ್ಯಾಡಿಲಾಕ್‌ಗಳ ಕೆಲವು ಟರ್ಬೊ 400ಗಳಲ್ಲಿ ಸ್ಟೇಟರಿನ ರೆಕ್ಕೆಗಳ ಕೋನವೇ ಬದಲಾಗುವಂಥ ಕನ್ವರ್ಟರ್ ಇತ್ತು. ಅದರ ಕನ್ವರ್ಟರೂ ಪಂಪೂ ಬೇರೆ, ಸಿಗುವುದೂ ಕಷ್ಟ.

ನಮ್ಮಲ್ಲಿ ಹೆಸರುವಾಸಿಯಾದ ಇಂಪಾಲಾದ ಕಥೆ ಇನ್ನೂ ಸ್ವಾರಸ್ಯದ್ದು. ಷೆವ್ರೊಲೆಯ ಎರಡು ಗೇರಿನ ಪವರ್‌ಗ್ಲೈಡ್ 1950ರಿಂದ 1973ರವರೆಗೆ ಬಂತು. ಮೊದಮೊದಲು ಎರಕದ ಕಬ್ಬಿಣದ ಕವಚ, 1962ರಿಂದ ಅಲ್ಯೂಮಿನಿಯಂ ಕವಚದ್ದು ಬರತೊಡಗಿತು. ಅಮೆರಿಕದ ಡ್ರ್ಯಾಗ್ ರೇಸಿನವರು ಅಲ್ಯೂಮಿನಿಯಂ ಪವರ್‌ಗ್ಲೈಡನ್ನು ಇಂದಿಗೂ ಬಿಟ್ಟಿಲ್ಲ, ಹಾಗಾಗಿ ಅದರ ಪ್ರತಿಯೊಂದು ಭಾಗವೂ ಹೊಸದಾಗಿ ತಯಾರಾಗುತ್ತಿದೆ. ಕಬ್ಬಿಣದ್ದಕ್ಕೆ ಆ ಅದೃಷ್ಟವಿಲ್ಲ. 1950ರ ದಶಕದ ಕೊನೆಯ ಷೆವ್ರೊಲೆಗಳಲ್ಲಿ ಟರ್ಬೊಗ್ಲೈಡ್ ಎಂಬ ಮೂರನೆಯದೂ ಇತ್ತು. ತೊಂದರೆ ಕೊಟ್ಟು 1961ಕ್ಕೆ ನಿಂತುಹೋಯಿತು. ನಿಮ್ಮ ಇಂಪಾಲಾದ ಗೇರ್ ಸೂಚಕದ ಕೊನೆಯಲ್ಲಿ ‘ಎಲ್’ ಬದಲು ‘ಜಿಆರ್’ ಎಂದು ಬರೆದಿದ್ದರೆ ಅದು ಟರ್ಬೊಗ್ಲೈಡ್. ಹುಡುಕಾಟ ದೀರ್ಘವಾಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಬ್ರಿಟಿಷ್ ಕಾರುಗಳ ಕಡೆ ಬಂದರೆ ಬೋರ್ಗ್ ವಾರ್ನರ್ 35 ಎಂಬ ಒಂದೇ ಹೆಸರು ಬಹಳಷ್ಟು ಬಾಗಿಲು ತೆರೆಯುತ್ತದೆ. ರೋವರ್ ಪಿ6, ಟ್ರಯಂಫ್ 2000, ಎಂಜಿಬಿ, ಫೋರ್ಡ್ ಕಾರ್ಟಿನಾ, ಸ್ವೀಡನ್ನಿನ ವೋಲ್ವೊ 140, ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಇವುಗಳ ಆಟೊಮ್ಯಾಟಿಕ್‌ಗಳಲ್ಲಿ ಅದರ ರೂಪಗಳಿವೆ. ಅದಕ್ಕಿಂತ ಹಳೆಯ ಜಾಗ್ವಾರ್ ಮಾರ್ಕ್ 7ರಲ್ಲಿದ್ದ ಬೋರ್ಗ್ ವಾರ್ನರ್ ಡಿಜಿ ಸರಣಿಯನ್ನು ಅಮೆರಿಕದ ಸ್ಟುಡಿಬೇಕರ್ ಕೂಡ ಬಳಸಿತ್ತು. ಲಂಡನ್ನಿನಲ್ಲಿ ಸಿಗದ ಜಾಗ್ವಾರ್ ಸಾಮಾನಿಗೆ ಸ್ಟುಡಿಬೇಕರ್ ಸ್ಟಾಕಿನಲ್ಲಿ ಜೋಡಿ ಇರಬಹುದು.

ಮರ್ಸಿಡಿಸ್ ತನ್ನ ಗೇರ್‌ಬಾಕ್ಸನ್ನು ತಾನೇ ಮಾಡಿಕೊಂಡಿತು, ಆದರೆ ಅದೇ ತತ್ವ ಅಲ್ಲೂ ನಡೆಯುತ್ತದೆ. 722.3 ಎಂಬ ಗೇರ್‌ಬಾಕ್ಸ್ ಡಬ್ಲ್ಯು123, ಡಬ್ಲ್ಯು126, ಡಬ್ಲ್ಯು124 ಎಂಬ ಮೂರು ಮಾದರಿಯ ಕಾರುಗಳಲ್ಲೂ ಬಂತು. ಪುಣೆಯಲ್ಲಿ 1995ರಿಂದ ಜೋಡಣೆಯಾದ ಮೊದಲ ಮರ್ಸಿಡಿಸ್ ಇದೇ ಡಬ್ಲ್ಯು124 ಆದ್ದರಿಂದ ಆ ಪೀಳಿಗೆಯ ಯಂತ್ರಕ್ಕೆ ಕೈಹಾಕಿದ ಮೆಕ್ಯಾನಿಕ್‌ಗಳು ನಮ್ಮಲ್ಲಿದ್ದಾರೆ. 1961ರಲ್ಲಿ ಬಂದ, ಫ್ಲೂಯಿಡ್ ಕಪ್ಲಿಂಗಿನ ಹಳೆಯ ನಾಲ್ಕು ಗೇರಿನದು ಮಾತ್ರ ಬೇರೆಯೇ ಜಾತಿ. ಅದಕ್ಕೆ ಜರ್ಮನಿಯ ಫೆಲ್‌ಬಾಖ್‌ನಲ್ಲಿ 1993ರಲ್ಲಿ ತೆರೆದ ಮರ್ಸಿಡಿಸ್‌ನ ಕ್ಲಾಸಿಕ್ ಸೆಂಟರನ್ನೋ, ಬಿಡಿಭಾಗ ಕಿತ್ತುಕೊಳ್ಳಲು ಸಿಗುವ ಹಳೆಯ ಕಾರೊಂದನ್ನೋ ನೆಚ್ಚಬೇಕು.

ನಿಜವಾಗಿಯೂ ದಿಕ್ಕಿಲ್ಲದವು ಒಂದೇ ಕಂಪನಿ ತನಗಾಗಿ ಮಾತ್ರ ಮಾಡಿಕೊಂಡವು. ಪ್ಯಾಕಾರ್ಡ್ 1949ರಲ್ಲಿ ಅಲ್ಟ್ರಮ್ಯಾಟಿಕ್ ಎಂಬ ಸೊಗಸಾದ ಗೇರ್‌ಬಾಕ್ಸ್ ತಂದಿತು. ಓಟದ ವೇಗದಲ್ಲಿ ಕನ್ವರ್ಟರನ್ನು ನೇರವಾಗಿ ಲಾಕ್ ಮಾಡುವ ಕ್ಲಚ್ ಅದರಲ್ಲಿತ್ತು. ಉಳಿದವರು ಅದನ್ನು ವ್ಯಾಪಕವಾಗಿ ಅಳವಡಿಸಿಕೊಳ್ಳಲು ದಶಕಗಳೇ ಬೇಕಾದವು. 1958ಕ್ಕೆ ಪ್ಯಾಕಾರ್ಡ್ ಹೆಸರೇ ಅಳಿಯಿತು. ಅಲ್ಟ್ರಮ್ಯಾಟಿಕ್ ಭಾಗ ಬೇಕೆಂದರೆ ಪ್ಯಾಕಾರ್ಡ್ ಕ್ಲಬ್ಬುಗಳ ಸದಸ್ಯರ ಅಟ್ಟಗಳೇ ಗತಿ.

ಬೆಂಕಿ ಬಿದ್ದ ವರ್ಷದ ಕಾರುಗಳು

ಪುಸ್ತಕದಲ್ಲಿ ಒಂದು ಗೇರ್‌ಬಾಕ್ಸ್, ಕಾರಿನಲ್ಲಿ ಇನ್ನೊಂದು ಇರುವುದಕ್ಕೆ ಕೆಲವೊಮ್ಮೆ ಇತಿಹಾಸವೇ ಕಾರಣ. 1953ರ ಆಗಸ್ಟ್ 12ರಂದು ಮಿಷಿಗನ್ನಿನ ಲಿವೋನಿಯಾದಲ್ಲಿದ್ದ ಹೈಡ್ರಮ್ಯಾಟಿಕ್ ಕಾರ್ಖಾನೆ ಸುಟ್ಟು ನಾಶವಾಯಿತು. ಗೇರ್‌ಬಾಕ್ಸ್ ಇಲ್ಲದೆ ಕಾರು ಹೊರಡುವಂತಿಲ್ಲ. ಯುದ್ಧಕಾಲದಲ್ಲಿ ಬಾಂಬರ್ ವಿಮಾನ ಕಟ್ಟಿದ್ದ ವಿಲೊ ರನ್ ಕಾರ್ಖಾನೆಯಲ್ಲಿ ಹೊಸದಾಗಿ ತಯಾರಿಕೆ ಶುರುವಾಗುವವರೆಗೆ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೀಲ್‌ಗಳಿಗೆ ಬ್ಯೂಕಿನ ಡೈನಾಫ್ಲೊ, ಪಾಂಟಿಯಾಕ್‌ಗಳಿಗೆ ಷೆವ್ರೊಲೆಯ ಪವರ್‌ಗ್ಲೈಡ್ ಹಾಕಿ ಕಳಿಸಿದರು. ಹಾಗಾಗಿ 1953ರ ಕೊನೆಯ ತಿಂಗಳುಗಳ ಕ್ಯಾಡಿಲಾಕ್‌ಗೆ ಪುಸ್ತಕ ನೋಡಿ ಹೈಡ್ರಮ್ಯಾಟಿಕ್ ಕಿಟ್ ತರಿಸಿದರೆ ಪೆಟ್ಟಿಗೆ ಹಾಗೇ ಉಳಿದೀತು.

ಇದಲ್ಲದೆ ಐವತ್ತು ವರ್ಷದಲ್ಲಿ ಯಾವ ಮಾಲೀಕ ಯಾವುದನ್ನು ತೆಗೆದು ಯಾವುದನ್ನು ಕೂರಿಸಿದ್ದಾನೋ! ಕಣ್ಣಾರೆ ನೋಡುವುದೇ ಸರಿ. ಗಾಡಿಯಡಿ ಮಲಗಿ ಆಯಿಲ್ ಪ್ಯಾನಿನ ಆಕಾರ ನೋಡಿ, ಬೋಲ್ಟ್ ಎಣಿಸಿ. ಅಂಕುಡೊಂಕು ಅಂಚಿನ ಪ್ಯಾನ್, 13 ಬೋಲ್ಟ್ ಇದ್ದರೆ ಟರ್ಬೊ 400. ಬೋಲ್ಟ್ 13 ಇದ್ದೂ ಪ್ಯಾನ್ ಚೌಕವಾಗಿ ಒಂದೇ ಮೂಲೆ ಕತ್ತರಿಸಿದಂತಿದ್ದರೆ ಅದರ ತಮ್ಮ ಟರ್ಬೊ 350. ಅಲ್ಯೂಮಿನಿಯಂ ಪವರ್‌ಗ್ಲೈಡಿಗೆ 14. ಟರ್ಬೊ 400ರ ಪಕ್ಕದಲ್ಲಿ ಮೂಲದಲ್ಲಿ ಒಂದು ಸಣ್ಣ ಲೋಹದ ಚೀಟಿ ಇರುತ್ತದೆ, ಅದರಲ್ಲಿ ವರ್ಷ ಮತ್ತು ಎರಡಕ್ಷರದ ಕೋಡ್. ಮರ್ಸಿಡಿಸ್‌ನಲ್ಲಿ 722ರಿಂದ ಶುರುವಾಗುವ ಅಂಕಿಯನ್ನು ಪ್ಯಾನಿನ ಮೇಲ್ಭಾಗದ ಅಂಚಿನಲ್ಲಿ ಕೊರೆದಿರುತ್ತಾರೆ. ಮಡ್ಡಿ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ಫೋಟೊ ತೆಗೆದರೆ ಅಕ್ಷರ ಎದ್ದು ಕಾಣುತ್ತದೆ. ಯಾವ ದೇಶದ ಅಂಗಡಿಯವನೂ ಮೊದಲು ಕೇಳುವುದು ಈ ಫೋಟೊವನ್ನೇ.

ಜೆ.ಸಿ. ರಸ್ತೆಯಲ್ಲಿ ಸಿಗುವುದು, ಸಿಗದಿರುವುದು

ಗೇರ್‌ಬಾಕ್ಸಿನ ಹೆಸರು ಗೊತ್ತಾದ ಮೇಲೆ ಅದೇ ಗೇರ್‌ಬಾಕ್ಸ್ ಇನ್ಯಾವ ಕಾರುಗಳಲ್ಲಿ ಬಂದಿದೆ ಎಂದು ಪಟ್ಟಿ ಮಾಡಬೇಕು. ಅಮೆರಿಕದಲ್ಲಿ ಇದಕ್ಕೆಂದೇ ಹಾಲಂಡರ್ ಇಂಟರ್‌ಚೇಂಜ್ ಎಂಬ ಕೈಪಿಡಿ 1934ರಿಂದ ಬರುತ್ತಿದೆ. ಒಂದು ಕಾರಿನ ಯಾವ ಭಾಗ ಬೇರೆ ಯಾವ ಕಾರಿಗೆ ಕೂರುತ್ತದೆ ಎಂಬುದೇ ಅದರ ವಸ್ತು. ಅಲ್ಲಿನ ಗುಜರಿ ವ್ಯಾಪಾರವೇ ಅದರ ಮೇಲೆ ನಿಂತಿತ್ತು. ಹಳೆಯ ವರ್ಷಗಳ ಪ್ರತಿಗಳು ಈಗಲೂ ಮಾರಾಟಕ್ಕೆ ಸಿಗುತ್ತವೆ.

ಬೇರಿಂಗುಗಳ ವಿಷಯದಲ್ಲಿ ಕಾರಿನ ಹೆಸರೂ ಬೇಡ, ಗೇರ್‌ಬಾಕ್ಸಿನ ಹೆಸರೂ ಬೇಡ. ಅಂಚಿನಲ್ಲಿ ಕೊರೆದ ಅಂಕಿಯೇ ಸಾಕು. 6205 ಎಂದಿದ್ದರೆ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15, ಜಗತ್ತಿನ ಯಾವ ಕಂಪನಿ ಮಾಡಿದರೂ ಅಷ್ಟೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಂಥದ್ದನ್ನು ಕೇಳಿದ ತಕ್ಷಣ ಕೊಡುತ್ತಾರೆ. ಆಯಿಲ್ ಸೀಲನ್ನೂ ಶಾಫ್ಟಿನ ವ್ಯಾಸ, ಕೂರುವ ತೂತಿನ ವ್ಯಾಸ, ಅಗಲ ಈ ಮೂರು ಅಳತೆ ಹೇಳಿ ಪಡೆಯಬಹುದು. ಆದರೆ ಅಮೆರಿಕನ್ ಗೇರ್‌ಬಾಕ್ಸಿನ ಅಳತೆ ಇಂಚಿನದು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ‘ಇದೇ ಸೈಜು ಸಾರ್, ಕೂರುತ್ತೆ’ ಎಂದು ಕೊಟ್ಟ 25ರ ಸೀಲು ಆ ಶಾಫ್ಟಿನ ಮೇಲೆ ಅಗತ್ಯಕ್ಕಿಂತ ಬಿಗಿಯಾಗಿ ಕೂತು ಬೇಗ ಸವೆಯುತ್ತದೆ. ವರ್ನಿಯರ್ ಅಳತೆಗೋಲು ಹಿಡಿದೇ ಹೋಗಿ.

ಶಿವಾಜಿನಗರದ ಗುಜರಿಯಲ್ಲೋ, ದೆಹಲಿಯ ಮಾಯಾಪುರಿಯಲ್ಲೋ, ಚೆನ್ನೈನ ಪುದುಪೇಟೆಯಲ್ಲೋ ಇಡೀ ಹಳೆಯ ಆಟೊಮ್ಯಾಟಿಕ್ ಸಿಕ್ಕರೆ ಅದು ಅದೃಷ್ಟ. ಸಿಕ್ಕರೆ ಅದರ ಸೀಲು, ಪ್ಲೇಟುಗಳ ಆಸೆ ಬಿಡಿ. ಅದರ ಬೆಲೆ ಇರುವುದು ಗ್ರಹ ಗೇರು, ಡ್ರಮ್ಮು, ವಾಲ್ವ್ ಬಾಡಿಯಲ್ಲಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಂಥ ದೊಡ್ಡ ಸಂಗ್ರಹಗಳು ನಮ್ಮ ರಾಜ್ಯದಲ್ಲೇ ಇವೆ. ಇಷ್ಟು ಹಳೆಯ ಗಾಡಿಗಳ ಕೆಲಸ ಮಾಡುವ ಮೆಕ್ಯಾನಿಕ್ ಯಾರು ಎಂಬ ವಿಚಾರ ವಿಂಟೇಜ್ ರ್‍ಯಾಲಿಗಳಲ್ಲಿ ನಾಲ್ಕು ಜನರನ್ನು ಮಾತಾಡಿಸಿದರೆ ತಿಳಿಯುತ್ತದೆ.

‘ಎನ್‌ಒಎಸ್’ ಎಂಬ ಮೂರಕ್ಷರ

ವಿದೇಶಿ ಮಾರಾಟಗಾರರ ಜಾಹೀರಾತುಗಳಲ್ಲಿ ಎನ್‌ಒಎಸ್ ಎಂದು ಕಾಣುತ್ತದೆ. ಆ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಹೊಸ ಸಾಮಾನು ಎಂದರ್ಥ. ಮೂಲ ಕಂಪನಿಯದಲ್ಲದೆ ಆ ಕಾಲದ ಬೇರೆ ಕಂಪನಿ ಮಾಡಿದ್ದಾದರೆ ಎನ್‌ಒಆರ್‌ಎಸ್. ಈಗ ಅದೇ ನಮೂನೆಯಲ್ಲಿ ಮಾಡಿದ್ದು ರೀಪ್ರೊಡಕ್ಷನ್.

ಎನ್‌ಒಎಸ್ ಗೇರು, ಡ್ರಮ್ಮು, ವಾಷರ್ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು, ಗ್ರೀಸ್ ಕಾಗದದಲ್ಲಿ ಸುತ್ತಿದ ಉಕ್ಕಿಗೆ ವಯಸ್ಸಾಗುವುದಿಲ್ಲ. ರಬ್ಬರಿಗೆ ಆಗುತ್ತದೆ. 1966ರ ಪೆಟ್ಟಿಗೆಯಲ್ಲಿ ಮುಟ್ಟದೆ ಇಟ್ಟ ಸೀಲು ನೋಡಲು ಹೊಸದು, ಉಗುರಿನಿಂದ ಒತ್ತಿದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿ. ಅದನ್ನು ಹಾಕಿ ಗೇರ್‌ಬಾಕ್ಸ್ ಮುಚ್ಚುವುದು, ಮತ್ತೆ ಇಳಿಸಲು ತಯಾರಾಗುವುದು ಎರಡೂ ಒಂದೇ. ಸೀಲು, ಓ ರಿಂಗು, ಮಾಡ್ಯುಲೇಟರಿನ ಪರದೆ ಇವು ಈಚಿನ ತಯಾರಿಕೆಯವೇ ಆಗಿರಬೇಕು.

ಎಲ್ಲೂ ಸಿಗದಿದ್ದರೆ

ಮಾಡಿಸಬೇಕು. ಏನನ್ನು ಇಲ್ಲೇ ಮಾಡಿಸಬಹುದು, ಏನನ್ನು ಬಾರದು ಎಂಬ ಗೆರೆ ಸ್ಪಷ್ಟವಾಗಿರಲಿ. ಕಂಚಿನ ಬುಷ್, ಬ್ಯಾಂಡನ್ನು ಬಿಗಿಯುವ ಸರ್ವೊ ಪಿಸ್ಟನ್, ಸ್ಪೇಸರ್, ಥ್ರಸ್ಟ್ ವಾಷರ್ ಇವನ್ನು ಪೀಣ್ಯದ ಒಳ್ಳೆಯ ಟರ್ನರ್ ಲೇತಿನಲ್ಲಿ ಮಾಡಿಕೊಡುತ್ತಾನೆ. ಮಾದರಿಯಾಗಿ ಸವೆದ ಭಾಗ ಕೊಟ್ಟರೆ ಸವೆದ ಅಳತೆಗೇ ಹೊಸದು ಬರುತ್ತದೆ. ಸವೆಯದ ಜಾಗದ ಅಳತೆಯನ್ನೋ, ಕಂಪನಿಯ ಮ್ಯಾನ್ಯುಯಲ್‌ನ ಅಳತೆಯನ್ನೋ ಬರೆದುಕೊಡಬೇಕು. ಆಯಿಲ್ ಪ್ಯಾನಿನ ಪ್ಯಾಕಿಂಗನ್ನು ಹಾಳೆಯಿಂದ ಕತ್ತರಿಸಬಹುದು. ವಾಲ್ವ್ ಬಾಡಿಯ ಪ್ಯಾಕಿಂಗಿನಲ್ಲಿ ದಪ್ಪ ತುಸು ಹೆಚ್ಚಾದರೂ, ಒಂದು ತೂತು ಮುಚ್ಚಿದರೂ ಗೇರ್ ಬೀಳುವ ಕ್ರಮವೇ ತಪ್ಪುತ್ತದೆ.

ಬ್ಯಾಂಡಿಗೂ ಕ್ಲಚ್ ಪ್ಲೇಟಿಗೂ ಬ್ರೇಕ್ ಲೈನರ್ ಅಂಟಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಬೇಡ. ಬ್ರೇಕ್ ಲೈನರ್ ಒಣಗಿರುವಾಗ ಹಿಡಿಯಲು ಮಾಡಿದ್ದು. ಇಲ್ಲಿನ ಪ್ಲೇಟು ಸದಾ ಎಣ್ಣೆಯಲ್ಲಿ ಮುಳುಗಿ, ಎಣ್ಣೆ ಹೀರಿಕೊಂಡು, ಒತ್ತಿದಾಗ ಅದನ್ನು ಬಿಟ್ಟುಕೊಡುತ್ತಾ ಹಿಡಿಯುತ್ತದೆ. ಅದರ ಮೇಲಿರುವುದು ಕಾಗದದಂಥ ರಂಧ್ರಮಯ ಪದರ. ಹಳೆಯ ಬ್ಯಾಂಡನ್ನೇ ಕಳಿಸಿದರೆ ಸರಿಯಾದ ಪದರ ಅಂಟಿಸಿ ವಾಪಸು ಕೊಡುವ ಕಾರ್ಯಾಗಾರಗಳು ಅಮೆರಿಕ, ಇಂಗ್ಲೆಂಡುಗಳಲ್ಲಿವೆ. ಆದ್ದರಿಂದ ಕೆಟ್ಟ ಬ್ಯಾಂಡನ್ನು ಗುಜರಿಗೆ ಹಾಕಬೇಡಿ.

ಗ್ರಹ ಗೇರು ಮಾತ್ರ ಸುಲಭದ ಮಾತಲ್ಲ. ಓರೆ ಹಲ್ಲು, ಮೇಲ್ಮೈ ಮಾತ್ರ ಗಟ್ಟಿಯಾಗುವಂತೆ ಕಾಯಿಸಿದ ಉಕ್ಕು, ಆಮೇಲೆ ಉಜ್ಜಿ ತಂದ ನಯ. ತ್ರಿಡಿ ಸ್ಕ್ಯಾನ್ ಆಕಾರ ಕೊಡುತ್ತದೆ, ಉಕ್ಕಿನ ಗುಣ ಕೊಡುವುದಿಲ್ಲ. ಇದನ್ನು ಮಾಡಿಸುವುದಕ್ಕಿಂತ, ಹಳೆಯ ಗೇರ್‌ಬಾಕ್ಸ್ ಒಂದನ್ನು ಪೂರ್ತಿಯಾಗಿ ಕೊಳ್ಳುವುದೇ ಅಗ್ಗ. ಅಡಾಪ್ಟರ್ ಪ್ಲೇಟ್ ಹಾಕಿ ಬೇರೆ ಆಟೊಮ್ಯಾಟಿಕ್ ಕೂರಿಸುವುದು ಕೊನೆಯ ದಾರಿ. ಗಾಡಿ ಓಡುತ್ತದೆ, ರ್‍ಯಾಲಿಯ ತೀರ್ಪುಗಾರರು ಮೂಲರೂಪದ ಅಂಕ ಕಳೆಯುತ್ತಾರೆ.

ಹೊರದೇಶದಿಂದ ತರಿಸುವಾಗ

ಹೊಸ ಕಿಟ್ ಕೊರಿಯರಿನಲ್ಲಿ ಬರುತ್ತದೆ, ಕಸ್ಟಮ್ಸ್ ಸುಂಕ ಕಟ್ಟಬೇಕು. ಗೇರ್‌ಬಾಕ್ಸ್ ಮತ್ತು ಅದರ ಭಾಗಗಳು ಬರುವ ಸುಂಕದ ಶೀರ್ಷಿಕೆ 8708.40, ಮಾರಾಟಗಾರ ಬಿಲ್ಲಿನಲ್ಲಿ ಅದನ್ನೇ ನಮೂದಿಸಿದರೆ ಗೊಂದಲ ಕಡಿಮೆ. ಬಳಸಿದ ಭಾಗಗಳ ಕಥೆ ಬೇರೆ. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಬಳಸಿದ ಸಾಮಾನಿನ ಆಮದಿಗೆ ನಿರ್ಬಂಧಗಳಿವೆ, ಆದ್ದರಿಂದ ಹಳೆಯ ಗೇರ್‌ಬಾಕ್ಸಿಗೆ ದುಡ್ಡು ಕಳಿಸುವ ಮೊದಲೇ ಕಸ್ಟಮ್ಸ್ ಏಜೆಂಟರ ಹತ್ತಿರ ಮಾತಾಡಿ. ಟರ್ಬೊ 400ರಂಥದ್ದು ಎಣ್ಣೆಯಿಲ್ಲದೆಯೇ ಸುಮಾರು 60 ಕೆ.ಜಿ. ತೂಗುತ್ತದೆ, ಸಾಗಣೆ ಖರ್ಚೇ ಗೇರ್‌ಬಾಕ್ಸಿನ ಬೆಲೆಯನ್ನು ಮೀರಬಹುದು.

ಅಮೆರಿಕದಲ್ಲಿರುವ ಮಗಳೋ ಭಾವಮೈದುನನೋ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಮಾಡ್ಯುಲೇಟರ್, ಪ್ಯಾಕಿಂಗ್ ಕಿಟ್ ತಂದುಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಬಿಲ್ ಜೊತೆಗಿರಲಿ. ಎಣ್ಣೆ ಜಿನುಗುವ ಹಳೆಯ ಸಾಮಾನನ್ನು ಮಾತ್ರ ಅವರ ಕೈಗೆ ಕೊಡಿಸಬೇಡಿ, ವಿಮಾನದವರು ತಡೆಯುತ್ತಾರೆ.

ಕೊನೆಗೆ, ಆಯಿಲ್

ಆಟೊಮ್ಯಾಟಿಕ್‌ಗೆ ಆಯಿಲ್ ಕೂಡ ಒಂದು ಬಿಡಿಭಾಗವೇ. ಜನರಲ್ ಮೋಟರ್ಸ್ 1949ರಲ್ಲಿ ಟೈಪ್ ಎ ಎಂಬ ಗುಣಮಟ್ಟ ನಿಗದಿ ಮಾಡಿತು, 1957ರಲ್ಲಿ ಅದನ್ನು ತಿದ್ದಿತು, 1967ರಲ್ಲಿ ಡೆಕ್ಸ್‌ರಾನ್ ಬಂತು. ಪ್ಲೇಟುಗಳು ನಯವಾಗಿ ಹಿಡಿಯಲೆಂದು ಆ ಕಾಲದ ಆಯಿಲಿಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! ಎಪ್ಪತ್ತರ ದಶಕದ ಆರಂಭದಲ್ಲಿ ತಿಮಿಂಗಿಲ ಬೇಟೆಯ ಉತ್ಪನ್ನಗಳಿಗೆ ಅಮೆರಿಕ ತಡೆ ಹಾಕಿದ ಮೇಲೆ ರಾಸಾಯನಿಕ ಬದಲಿ ಹುಡುಕಿದರು. ಹಳೆಯ ಜನರಲ್ ಮೋಟರ್ಸ್ ಗೇರ್‌ಬಾಕ್ಸುಗಳಿಗೆ ಈಗ ಡೆಕ್ಸ್‌ರಾನ್ 3 ದರ್ಜೆಯ ಆಯಿಲ್ ಹಾಕುವುದು ರೂಢಿ. ಫೋರ್ಡಿನ ಹಳೆಯ ಗೇರ್‌ಬಾಕ್ಸುಗಳು, ಬೋರ್ಗ್ ವಾರ್ನರ್ 35ರ ಹಲವು ರೂಪಗಳು ಕೇಳುವುದು ಟೈಪ್ ಎಫ್. ಅದರಲ್ಲಿ ನಯದ ಅಂಶ ಕಡಿಮೆ, ಹಿಡಿತ ಬಿಗಿ. ಹೊಸ ಸಿವಿಟಿ (ಗೇರಿನ ಹಂತಗಳೇ ಇಲ್ಲದ ಆಟೊಮ್ಯಾಟಿಕ್) ಕಾರಿನ ಆಯಿಲ್ ‘ಇನ್ನೂ ದುಬಾರಿ, ಇನ್ನೂ ಒಳ್ಳೆಯದು’ ಎಂದು ಇದಕ್ಕೆ ಸುರಿಯುವಂತಿಲ್ಲ.

ಹೊಸ ಕಿಟ್ ಹಾಕಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಪ್ಯಾನ್ ಒಮ್ಮೆ ಇಳಿಸಿ ತಳ ನೋಡಿ. ಬೆರಳಿಗೆ ಬೂದಿಯಂಥ ನುಣ್ಣನೆಯ ಪುಡಿ ಹತ್ತಿದರೆ ಸಹಜ, ಹೊಸ ಪ್ಲೇಟುಗಳು ಪಳಗುತ್ತಿವೆ. ಸುಟ್ಟ ವಾಸನೆಯ ಕಪ್ಪು ಮಡ್ಡಿ ಇದ್ದರೆ ಯಾವುದೋ ಪ್ಲೇಟಿನ ಕಟ್ಟು ಜಾರುತ್ತಿದೆ. ಹಿತ್ತಾಳೆ ಬಣ್ಣದ ಮಿನುಗು ಬುಷ್ ಅಥವಾ ಥ್ರಸ್ಟ್ ವಾಷರಿನದು. ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರು ಕಂಡರೆ ಗಾಡಿ ಮುಂದೆ ಓಡಿಸದೆ ಗೇರ್‌ಬಾಕ್ಸ್ ಮತ್ತೆ ಇಳಿಸಿ.